‘ಭಯೋತ್ಪಾದಕರ ಖಜಾನೆ’ ಕಳಿಸಿದ ಲೇಖಕರಿಗೆ

ಭಯೋತ್ಪಾದಕರಿಗೆ ಹಣ ಒದಗಿಸಿದ ಆರೋಪ ಹೊತ್ತಿದ್ದ ಬಹಾಮಾಸ್‌ನ ಬ್ಯಾಂಕ್ ಅಲ್ ತಕ್ವಾ ಹಾಗೂ ಅದರ ಒಡನಾಡಿ ಸಂಸ್ಥೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ವಿಷಯ ಗಟ್ಟಿಯಾಗಿದೆ, ಸರಾಗವಾಗಿ ಓದಿಸಿಕೊಳ್ಳುತ್ತದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಶೀರ್ಷಿಕೆಯಲ್ಲೇ ನೀವು ಶಿಕ್ಷೆ ವಿಧಿಸಿಬಿಟ್ಟಿದ್ದೀರಿ. ಆ ಆರೋಪದ ಮೇಲೆ ನಡೆದ ಸ್ವಿಸ್ ತನಿಖೆಯಾದರೋ ವಿಚಾರಣೆಯ ಹಂತಕ್ಕೂ ಬರಲಿಲ್ಲ.

ಮೊದಲನೆಯದು, ‘ಎನ್ನಲಾಗಿದೆ’ಗಳನ್ನೆಲ್ಲ ಕಿತ್ತುಹಾಕಿ. “ಅಲ್ ಕೈದಾಗೆ ಹಣ ಹರಿದಿತ್ತು ಎನ್ನಲಾಗಿದೆ” ಎಂದು ಬರೆದಿದ್ದೀರಿ. ಅಂದವರು ಯಾರು, ಯಾವಾಗ? 2001ರ ನವೆಂಬರ್ 7ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅಲ್ ತಕ್ವಾ ಹೆಸರೆತ್ತಿ ಆರೋಪಿಸಿದರು, ಅಲ್ಲಿನ ಖಜಾನೆ ಇಲಾಖೆ ಆಸ್ತಿ ತಡೆಹಿಡಿಯಿತು. ಎರಡು ದಿನದಲ್ಲಿ ಅಲ್ ಕೈದಾ, ತಾಲಿಬಾನ್ ಮೇಲಿನ ನಿರ್ಬಂಧಗಳನ್ನು ನೋಡಿಕೊಳ್ಳುತ್ತಿದ್ದ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1267 ಸಮಿತಿಯ ಪಟ್ಟಿಗೂ ಹೆಸರುಗಳು ಸೇರಿದವು. ಹೀಗೆ ಬರೆದರೆ ಆರೋಪಕ್ಕೊಬ್ಬ ಒಡೆಯ ಸಿಗುತ್ತಾನೆ. ‘ಎನ್ನಲಾಗಿದೆ’ ವಕೀಲರ ನೋಟಿಸಿನಿಂದ ಕಾಪಾಡುತ್ತದೆ ಎಂಬ ನಂಬಿಕೆ ನಮ್ಮ ಸುದ್ದಿಮನೆಗಳಲ್ಲಿ ಇನ್ನೂ ಇದೆ. ಇಲ್ಲ, ಕಾಪಾಡುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ಪಟ್ಟಿಗೆ ಸೇರಿಸುವುದು, ತನಿಖೆ, ಶಿಕ್ಷೆ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿದ್ದೀರಿ. ಪಟ್ಟಿ ಆಡಳಿತಾತ್ಮಕ ಕ್ರಮ. ಅದಕ್ಕೆ ನ್ಯಾಯಾಲಯದ ತೀರ್ಪು ಬೇಕಿಲ್ಲ, ಸಮಿತಿಯ ಸದಸ್ಯ ರಾಷ್ಟ್ರಗಳು ಆಕ್ಷೇಪಿಸದಿದ್ದರೆ ಸಾಕು. ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ದಿನಾಂಕ, ಕ್ರಮ ಕೈಗೊಂಡವರು, ಆ ಕ್ರಮದಿಂದ ಏನು ಸಾಬೀತಾಗುವುದಿಲ್ಲ ಎಂಬುದು. ಮೂರನೇ ಕಾಲಮ್ಮೇ ಮುಖ್ಯ. 2005ರ ಮೇ 31ರಂದು ಸ್ವಿಸ್ ಪ್ರಾಸಿಕ್ಯೂಟರ್ ತನಿಖೆ ಕೈಬಿಟ್ಟರು. ಅದು ಖುಲಾಸೆಯ ತೀರ್ಪಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಅಲ್ ತಕ್ವಾ ಸಂಸ್ಥಾಪಕ ಯೂಸುಫ್ ನಾದಾ ಹೆಸರು ವಿಶ್ವಸಂಸ್ಥೆಯ ಪಟ್ಟಿಯಿಂದ ಹೋಯಿತು. ಆದರೂ ಅಮೆರಿಕದ ಪಟ್ಟಿಯಲ್ಲಿ ಉಳಿದೇ ಇತ್ತು. 2008ರಲ್ಲಿ ಈಜಿಪ್ಟಿನ ಸೇನಾ ನ್ಯಾಯಾಲಯ ನಾದಾಗೆ ಗೈರುಹಾಜರಿಯಲ್ಲೇ 10 ವರ್ಷ ಶಿಕ್ಷೆ ವಿಧಿಸಿದ್ದನ್ನು ನೀವು ಅಲ್ ಕೈದಾ ನಂಟಿಗೆ ಪುರಾವೆ ಮಾಡಿಕೊಂಡಿದ್ದೀರಿ. ಅದು ಈಜಿಪ್ಟಿನ ಇಸ್ಲಾಮಿ ಸಂಘಟನೆ ಮುಸ್ಲಿಂ ಬ್ರದರ್‌ಹುಡ್ ಮೇಲಿನ ಮೊಕದ್ದಮೆ. ಬ್ರದರ್‌ಹುಡ್ ಸದಸ್ಯತ್ವವನ್ನು ನಾದಾ ಬಹಿರಂಗವಾಗಿ ಒಪ್ಪಿಕೊಂಡಿದ್ದರು, ಭಯೋತ್ಪಾದನೆಗೆ ಹಣ ಕೊಟ್ಟ ಆರೋಪವನ್ನು ಅಲ್ಲಗಳೆದಿದ್ದರು. ಎರಡೂ ನಿಮ್ಮ ಲೇಖನದಲ್ಲಿರಬೇಕು.

ಇನ್ನು ಟ್ರಸ್ಟ್ ವಿಚಾರ. ಅದೇ ಪಟ್ಟಿಯಲ್ಲಿದ್ದ ವಾಡುಜ್‌ನ ಆಸಾತ್ ಟ್ರಸ್ಟ್ ಬಗ್ಗೆ “ಸಮುದ್ರದಂಚಿನ ಕಚೇರಿ” ಎಂದಿದ್ದೀರಿ. ವಾಡುಜ್ ಇರುವುದು ಲಿಖ್ಟೆನ್‌ಸ್ಟೈನ್‌ನಲ್ಲಿ; ಆ ದೇಶಕ್ಕೂ ಕಡಲಿಲ್ಲ, ಅದರ ನೆರೆಯ ಎರಡು ದೇಶಗಳಿಗೂ ಇಲ್ಲ! “ಟ್ರಸ್ಟ್‌ನ ಮಾಲೀಕ” ಎಂಬ ಮಾತೂ ನಿಲ್ಲದು. ಸಾಮಾನ್ಯ ಟ್ರಸ್ಟ್‌ನಲ್ಲಿ ಆಸ್ತಿ ಒಪ್ಪಿಸಿದವರು ಒಬ್ಬರು, ಹೆಸರಿಗೆ ಹಿಡಿದುಕೊಂಡ ಟ್ರಸ್ಟಿ ಇನ್ನೊಬ್ಬರು, ಫಲಾನುಭವಿ ಮತ್ತೊಬ್ಬರು. ಟ್ರಸ್ಟ್ ಕಂಪನಿ ಶುಲ್ಕ ಪಡೆದು ಟ್ರಸ್ಟಿಯಾಗುತ್ತದೆ, ನೋಂದಾಯಿತ ವಿಳಾಸ ಒದಗಿಸುತ್ತದೆ, ನಿರ್ದೇಶಕರನ್ನೂ ಕೊಡುತ್ತದೆ. ಹಾಗಾಗಿ ಒಂದೇ ಬಾಗಿಲಿನಲ್ಲಿ ಪರಸ್ಪರ ಸಂಬಂಧವೇ ಇಲ್ಲದ ನೂರಾರು ಕಂಪನಿಗಳಿರಬಹುದು. ಎರಡು ಕಂಪನಿಗಳ ವಿಳಾಸ ಒಂದೇ ಎಂದು ತೋರಿಸಿ ಹಣದ ನಂಟು ಸಿಕ್ಕಿತು ಅನ್ನುವ ನಿಮ್ಮ ನಾಲ್ಕನೇ ಪುಟ ಅಲ್ಲೇ ಕುಸಿಯುತ್ತದೆ. ಯಾರ ಖಾತೆಯಿಂದ, ಯಾರಿಗೆ, ಎಷ್ಟು, ಯಾವ ದಿನ ಎಂಬ ದಾಖಲೆಯಿದ್ದರೆ ಬರೆಯಿರಿ. ಇಲ್ಲದಿದ್ದರೆ ಆ ಪುಟವೇ ಬೇಡ.

ನಿಮ್ಮ ಬಳಿಯಿರುವ ನಿಜವಾದ ಸರಕು ಕೊನೆಯ ಎರಡು ಸಾಲಿನಲ್ಲಿ ಅಡಗಿ ಕೂತಿದೆ. ನಾದಾ ಮನೆಯಿದ್ದ ಕಾಂಪಿಯೋನೆ ಇಟಲಿಗೆ ಸೇರಿದ ಊರು, ವಿಸ್ತೀರ್ಣ ಸುಮಾರು 1.6 ಚದರ ಕಿಲೋಮೀಟರ್, ಸುತ್ತಲೂ ಸ್ವಿಟ್ಜರ್ಲೆಂಡ್, ಎದುರಿಗೆ ಲುಗಾನೊ ಸರೋವರ. ವಿಶ್ವಸಂಸ್ಥೆಯ ಪಟ್ಟಿಯಿಂದಾಗಿ ಪ್ರಯಾಣ ನಿಷೇಧ ಬಿದ್ದ ಮೇಲೆ ಸ್ವಿಸ್ ನೆಲ ತುಳಿಯುವಂತಿಲ್ಲ. ತುಳಿಯದೆ ಇಟಲಿಯ ಉಳಿದ ಭಾಗಕ್ಕೆ ಹೋಗುವಂತೆಯೂ ಇಲ್ಲ. ವೈದ್ಯರನ್ನು ಕಾಣಲು ಸಹ ಅನುಮತಿ ಬೇಡಬೇಕು. 2012ರ ಸೆಪ್ಟೆಂಬರ್ 12ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸ್ವಿಟ್ಜರ್ಲೆಂಡ್ ಅವರ ಖಾಸಗಿ ಹಾಗೂ ಕೌಟುಂಬಿಕ ಬದುಕಿನ ಹಕ್ಕನ್ನು ಉಲ್ಲಂಘಿಸಿದೆ, ಪರಿಣಾಮಕಾರಿ ಪರಿಹಾರದ ದಾರಿಯನ್ನೂ ಕೊಟ್ಟಿಲ್ಲ ಎಂದಿತು. ಹಣ ಕೊಟ್ಟರೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾದ ಪ್ರಶ್ನೆಯಲ್ಲ. ನೀವು ಅದನ್ನು “ನಿರ್ದೋಷಿ ಎಂದು ಸಾರಿತು” ಎಂದು ಬರೆದಿದ್ದೀರಿ. ಆರಂಭದಲ್ಲಿ ಅಪರಾಧಿ, ಕೊನೆಯಲ್ಲಿ ನಿರ್ದೋಷಿ, ಎರಡಕ್ಕೂ ಆಧಾರವಿಲ್ಲ.

ಲೇಖನವನ್ನು ಕಾಂಪಿಯೋನೆಯಿಂದಲೇ ಶುರುಮಾಡಿ, ಇರುವುದರ ಅರ್ಧಕ್ಕಿಳಿಸಿ. ಅದಕ್ಕೂ ಮುಂಚೆ ಆ ಮೂರು ಕಾಲಮ್ಮಿನ ಹಾಳೆ ಕಳಿಸಿ, ನೋಡುತ್ತೇವೆ.