ಹರಾಜು ಕೂಗುವವರಿಗೆ ಅಷ್ಟು ಮರ್ಯಾದೆ ಯಾಕೆ?
ಬಾಯಿ ಜೋರಿದ್ದರೆ ಸಾಕಲ್ವಾ, ದನದ ಹರಾಜು ಕೂಗುವವರಿಗೆ ರೈತರು ಅಷ್ಟು ಮರ್ಯಾದೆ ಯಾಕೆ ಕೊಡುತ್ತಾರೆ ಅಂತ ಕೇಳಿದ್ದೀರಿ. ಬಾಯಿ ಅರ್ಧ ಕೆಲಸ ಅಷ್ಟೇ. ಆ ಗಡಗಡ ಕೂಗಿನಲ್ಲಿ ನಿಜವಾಗಿ ಇರುವುದು 2 ಅಂಕಿ, ಈಗ ಬಂದಿರುವ ಬೆಲೆ ಮತ್ತು ಮುಂದೆ ಬೇಕಾದ ಬೆಲೆ. ಉಳಿದದ್ದು ಸುಮ್ನೆ ಲಯಕ್ಕೆ. ಜಾಸ್ತಿ ಕಷ್ಟ ಕಣ್ಣಿಗೆ. ಒಬ್ಬ ಟೋಪಿ ಮುಟ್ಟುತ್ತಾನೆ, ಇನ್ನೊಬ್ಬ ಹುಬ್ಬು ಏರಿಸುತ್ತಾನೆ, ಅದು ಬೆಲೆ ಏರಿಸಿದ್ದೋ ನೊಣ ಓಡಿಸಿದ್ದೋ ಅಂತ ತಕ್ಷಣ ಗೊತ್ತಾಗಬೇಕು. ತಿಂಗಳುಗಟ್ಟಲೆ ಸಾಕಿದ ಕರು ಒಂದೆರಡು ನಿಮಿಷದಲ್ಲಿ ಕೈ ಬದಲಾಗುತ್ತದೆ. ಕೂಗುವವರು ಇಲ್ಲದ ಗಿರಾಕಿಯನ್ನು ಹುಟ್ಟಿಸಿ ಬೆಲೆ ಏರಿಸಿದರೆ ಕೊಳ್ಳುವವರು ಮತ್ತೆ ಬರಲ್ಲ, ಪರಿಚಯದ ವ್ಯಾಪಾರಿಗೆ ಬೇಗ ಸುತ್ತಿಗೆ ಹೊಡೆದು ಹರಾಜು ಮುಗಿಸಿದರೆ ಮಾರುವವರು ಬರಲ್ಲ. ಎರಡೂ ಕಡೆಯವರು ನಂಬಿದ ಮನುಷ್ಯನನ್ನು, ಅಣ್ಣತಮ್ಮಂದಿರು ಪಾಲಾಗುವಾಗ ದನಕ್ಕೆ ಬೆಲೆ ಕಟ್ಟೋಕೂ ಕರೆಯುತ್ತಾರೆ.