ಉಬ್ಬದ ಹಿಟ್ಟು, ಅತ್ತ ಮಗು, ಗುರುವಿನ ಚಂದ್ರರು

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಮನೆಯ ಇಡ್ಲಿ ಹಿಟ್ಟು ಬೆಳಗಾದರೂ ಉಬ್ಬುವುದಿಲ್ಲ. ಸೋಡಾ ಹಾಕದೆ ಬೇರೆ ದಾರಿ ಇದೆಯೇ? (ಮಡಿಕೇರಿ)

ಉತ್ತರ: ಇದೆ. ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾ ಉದ್ದಿನಬೇಳೆಯಲ್ಲೂ ಅಕ್ಕಿಯಲ್ಲೂ ಮೊದಲೇ ಇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯುಕೊನೊಸ್ಟಾಕ್. ಹುಳಿಯನ್ನೂ ಗಾಳಿಗುಳ್ಳೆಗಳನ್ನೂ ಕೊಡುವುದು ಅದೇ. ಅದಕ್ಕೆ 28ರಿಂದ 32 ಡಿಗ್ರಿ ಬೆಚ್ಚಗೆ ಹಿತ. ಚಳಿಗೆ ಅದು ಸಾಯುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಷ್ಟೆ. ಬೇಸಿಗೆಯಲ್ಲಿ 8 ಗಂಟೆಗೆ ಆಗುವುದಕ್ಕೆ 14–16 ಗಂಟೆ ಬೇಕಾಗಬಹುದು.

ಒಂದು ಲೋಟ ಉದ್ದಿನಬೇಳೆಗೆ ಮೂರು ಲೋಟ ಇಡ್ಲಿ ಅಕ್ಕಿ, ಅರ್ಧ ಚಮಚ ಮೆಂತ್ಯ. ಬೇಳೆ 4 ಗಂಟೆ, ಅಕ್ಕಿ 6 ಗಂಟೆ ನೆನೆಯಲಿ. ಬೇಳೆಯನ್ನು ಬೇರೆಯಾಗಿಯೇ ರುಬ್ಬಿ. ಚೂರು ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ: ಉದ್ದಿನ ಲೋಳೆ ಗಾಳಿಯನ್ನು ಹಿಡಿದಿಡುವಷ್ಟು ನುಣ್ಣಗಾಗಿರುವುದಿಲ್ಲ, ಇಲ್ಲವೇ ನೀರು ಹೆಚ್ಚಾಗಿ ಗುಳ್ಳೆಗಳೆಲ್ಲ ಒಡೆದುಹೋಗುತ್ತವೆ. ಬೇಳೆ ತೀರ ಹಳೆಯದಾದರೂ ಅಷ್ಟೆ, ಲೋಳೆ ಕಡಿಮೆ. ಅಕ್ಕಿ ತರಿತರಿಯಾಗಿದ್ದರೆ ಸಾಕು.

ಎರಡನ್ನೂ ಕೈಯಿಂದಲೇ ಕಲಸಿ, ಹಿಂದಿನ ಸಲದ ಹಿಟ್ಟು ಉಳಿದಿದ್ದರೆ ಎರಡು ಚಮಚ ಬೆರೆಸಿ. ಉಪ್ಪು ಬ್ಯಾಕ್ಟೀರಿಯಾದ ವೇಗವನ್ನು ತಗ್ಗಿಸುತ್ತದೆ, ಹಾಗಾಗಿ ಚಳಿಯಲ್ಲಿ ಉಬ್ಬಿದ ಮೇಲೆ ಹಾಕುವುದು ಒಳ್ಳೆಯದು. ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಅದನ್ನು ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯೊಳಗೆ ಇಟ್ಟು ಕಂಬಳಿ ಹೊದಿಸಿ. ನೀರು ಕೈಸುಡುವಷ್ಟು ಬಿಸಿಯಿದ್ದರೆ ಕೆಲಸ ಕೆಡುತ್ತದೆ. ಉಬ್ಬಿದ ಹಿಟ್ಟನ್ನು ಜೋರಾಗಿ ತಿರುವಬೇಡಿ, ಉಪ್ಪು ಬೆರೆಯುವಷ್ಟು ಮೆಲ್ಲಗೆ ಕಲಸಿ 10–12 ನಿಮಿಷ ಬೇಯಿಸಿ.

ಪ್ರಶ್ನೆ: ‘ಕೇಳು’ ಎಂಬುದು ‘ಕೇಳಿದ’ ಆಗುತ್ತದೆ. ‘ಅಳು’ ಮಾತ್ರ ‘ಅಳಿದ’ ಆಗದೆ ‘ಅತ್ತ’ ಆಗುವುದೇಕೆ? (ಧಾರವಾಡ)

ಉತ್ತರ: ಈಗ ಎರಡರಲ್ಲೂ ಬರೆಯುವುದು ‘ಳ’. ಹಳೆಗನ್ನಡದಲ್ಲಿ ಅವು ಬೇರೆ ಬೇರೆ ಅಕ್ಷರ. ಕೇಳ್ ಎಂಬಲ್ಲಿ ಳಕಾರ, ಅೞ್ ಎಂಬಲ್ಲಿ ರಳ ಎನ್ನುವ ‘ೞ’. ತಮಿಳು, ಮಲಯಾಳಗಳಲ್ಲಿ ಆ ಉಚ್ಚಾರ ಇಂದಿಗೂ ಇದೆ. ಕನ್ನಡದಲ್ಲಿ ವ್ಯಂಜನದ ಮುಂದೆ ಬಂದಾಗ ೞ ರಕಾರವಾಯಿತು, ಆ ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ಒತ್ತಕ್ಷರ ಹುಟ್ಟಿತು. ಅೞ್ತು, ಅರ್ತು, ಅತ್ತು. ಉಳು–ಉತ್ತ, ಕೀಳು–ಕಿತ್ತ, ಬೀಳು–ಬಿದ್ದ, ಏಳು–ಎದ್ದ ಎಲ್ಲವೂ ಇದೇ ದಾರಿಯಲ್ಲಿ ಬಂದವು. ಕ್ರಿಯಾಪದಗಳಲ್ಲಷ್ಟೇ ಅಲ್ಲ: ಗೞ್ದೆ ಗರ್ದೆಯಾಗಿ ಗದ್ದೆಯಾಯಿತು, ಕೞ್ತೆ ಕತ್ತೆಯಾಯಿತು, ಕೞ್ತಲೆ ಕತ್ತಲೆಯಾಯಿತು. ಬಾಳು, ಹೇಳು ಎಂಬವುಗಳಲ್ಲಿಯೂ ೞ ಇತ್ತು. ಆದರೆ ಅವು ನಡುವೆ ಇಕಾರ ಸೇರಿಸಿಕೊಂಡು ಬಾಳಿದ, ಹೇಳಿದ ಎಂದಾದವು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞ ಇರುವ ಪದಗಳನ್ನು ಪಟ್ಟಿಮಾಡಿಯೇ ಕೊಟ್ಟಿದ್ದಾನೆ. ಅಕ್ಷರ ಹೋದರೂ ಅದರ ಗುರುತು ನಮ್ಮ ದಿನದಿನದ ಮಾತಿನಲ್ಲಿ ಹೀಗೆ ಉಳಿದಿರುವುದು ನಿಜಕ್ಕೂ ಸೋಜಿಗ.

ಪ್ರಶ್ನೆ: ನನ್ನ ಹತ್ತಿರ 10×50 ಬೈನಾಕ್ಯುಲರ್ ಇದೆ. ಗುರುಗ್ರಹದ ಚಂದ್ರರನ್ನು ಅದರಲ್ಲಿ ನೋಡಬಹುದೇ? (ಚಿತ್ರದುರ್ಗ)

ಉತ್ತರ: ಖಂಡಿತ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕೂ ಸಿಗುತ್ತವೆ: ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಅಡ್ಡಿಯಾಗುವುದು ಕೈನಡುಕ. ಹತ್ತು ಪಟ್ಟು ಹಿಗ್ಗಿದ ನೋಟದಲ್ಲಿ ನಡುಕವೂ ಹತ್ತು ಪಟ್ಟು. ಟ್ರೈಪಾಡ್ ಇಲ್ಲದಿದ್ದರೆ ಮೊಣಕೈಗಳನ್ನು ತಾರಸಿಯ ಗೋಡೆಗೆ ಊರಿ. ಮೊದಲು ದೂರದ ದೀಪವೊಂದಕ್ಕೆ ಫೋಕಸ್ ಮಾಡಿಕೊಂಡರೆ ಸುಲಭ. ಗುರುವಿನ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. ಕೆಲವು ದಿನ ಮೂರೇ ಕಂಡರೆ, ನಾಲ್ಕನೆಯದು ಗುರುವಿನ ಹಿಂದೆಯೋ ಮುಂದೆಯೋ ಇರಬಹುದು. ಅಯೊ 42 ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ, ಹಾಗಾಗಿ ದಿನವೂ ಅದೇ ಹೊತ್ತಿಗೆ ಚುಕ್ಕಿಗಳ ಜಾಗ ಬರೆದಿಟ್ಟರೆ ವಾರದೊಳಗೆ ಅವುಗಳ ಓಡಾಟ ಗೊತ್ತಾಗುತ್ತದೆ. ಶನಿಯ ಬಳೆಗೆ ಈ ಬೈನಾಕ್ಯುಲರ್ ಸಾಲದು, 25 ಪಟ್ಟಾದರೂ ಹಿಗ್ಗಿಸುವ ದೂರದರ್ಶಕ ಬೇಕು.