ಗಡಿಯಾಚೆಯ ಮೆಡಿಕಲ್ ಸೀಟು: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

(ಅಂಕಣಕಾರ್ತಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪದವಿ, ಅಮೆರಿಕದಲ್ಲಿ ಎಂ.ಡಿ. (ಅಲ್ಲಿ ಡಾಕ್ಟರಾಗಲು ಓದುವ ಮೊದಲ ವೈದ್ಯ ಪದವಿ) ಓದಿ ಈಗ ಓಹಾಯೊದಲ್ಲಿ ವೈದ್ಯೆಯಾಗಿದ್ದಾರೆ. ಮೆಡಿಕಲ್ ಅಭ್ಯರ್ಥಿಗಳ ಸಂದರ್ಶನವನ್ನೂ ಮಾಡುತ್ತಾರೆ.)

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಲೈಫ್ ಸೈನ್ಸ್ ಮೂರನೇ ವರ್ಷದಲ್ಲಿದ್ದೇನೆ, ಕೆನಡಾ ಪ್ರಜೆ. ಮೊದಲ ವರ್ಷ ಮಾರ್ಕ್ಸ್ ಬಿದ್ದಿತ್ತು, ಆಮೇಲೆ ಚೆನ್ನಾಗಿದೆ. ಒಂಟಾರಿಯೊದ ಶಾಲೆಗಳ ಜೊತೆ ಅಮೆರಿಕಕ್ಕೂ ಅರ್ಜಿ ಹಾಕು, ಅಲ್ಲಿ ನೂರೈವತ್ತಕ್ಕೂ ಹೆಚ್ಚು ಶಾಲೆಗಳಿವೆ, ಒಂದಾದರೂ ಸಿಕ್ಕೇ ಸಿಗುತ್ತದೆ ಅಂತಾರೆ ಸ್ನೇಹಿತರು. ನಿಜವಾ? ಎಲ್ಲಿಂದ ಶುರು ಮಾಡಲಿ?
– ಎಂ., ವಾಟರ್‌ಲೂ

ಉತ್ತರ: ನೋಡಮ್ಮ, ನಿನ್ನ ಸ್ನೇಹಿತರು ಹೇಳುವ ಲೆಕ್ಕ ಸರಿ. ಆದರೆ ಅಷ್ಟೂ ಶಾಲೆಗಳು ನಿನ್ನ ಪಾಲಿಗೆ ಇಲ್ಲ. ಗಡಿ ದಾಟಿದ ಕೂಡಲೇ ನೀನು ವಿದೇಶಿ ವಿದ್ಯಾರ್ಥಿನಿ. ಸರ್ಕಾರಿ ಶಾಲೆಗಳು ಮೊದಲು ತಮ್ಮ ರಾಜ್ಯದ ಮಕ್ಕಳನ್ನು ನೋಡುತ್ತವೆ, ಅವುಗಳಲ್ಲಿ ಎಷ್ಟೋ ಶಾಲೆಗಳು ವಿದೇಶಿಯರನ್ನು ತೆಗೆದುಕೊಳ್ಳುವುದೇ ಇಲ್ಲ. ಕೆಲವು ಶಾಲೆಗಳು ಬೇರೆ ದೇಶದವರು ಬೇಡ, ಕೆನಡಾದವರಾದರೆ ಆಗಬಹುದು ಅನ್ನುತ್ತವೆ. ಹಾರ್ವರ್ಡ್, ಯೇಲ್, ವ್ಯಾಂಡರ್‌ಬಿಲ್ಟ್, ಕೇಸ್ ವೆಸ್ಟರ್ನ್‌ನಂಥ ಖಾಸಗಿ ಶಾಲೆಗಳು ವಿದೇಶಿಯರನ್ನು ಪರಿಗಣಿಸುತ್ತವೆ, ಆದರೆ ಅಲ್ಲಿನ ಪೈಪೋಟಿ ಎಂಥದು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಶುರು ಮಾಡಬೇಕಾದ್ದು ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಪುಸ್ತಕದಿಂದ ಅಲ್ಲ, ಶಾಲೆಗಳ ಪಟ್ಟಿಯಿಂದ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿ, ಎಂಎಸ್ಎಆರ್ ಅನ್ನುವ ಆನ್‌ಲೈನ್ ಕೈಪಿಡಿ ನಡೆಸುತ್ತದೆ. ಚಂದಾ ಕಟ್ಟಿ ತೆಗೆದುಕೋ. ಕೆನಡಾದವರ ಅರ್ಜಿ ಸ್ವೀಕರಿಸುತ್ತೇವೆ ಅಂತ ಬರೆದಿರುವುದನ್ನಷ್ಟೇ ಓದಿ ಕುಣಿಯಬೇಡ. ಹಿಂದಿನ ವರ್ಷ ವಿದೇಶಿಯರು ಎಷ್ಟು ಜನ ನಿಜವಾಗಿ ಸೇರಿದರು ಅನ್ನುವ ಅಂಕಿ ಹುಡುಕು. ಸ್ವೀಕರಿಸುತ್ತೇವೆ ಅಂದು, ಸೇರಿದವರು ಸೊನ್ನೆ ಅಂತಿದ್ದರೆ ಆ ಶಾಲೆಗೆ ದುಡ್ಡು ಸುರಿಯಬೇಡ. ಎಂ.ಡಿ. ಶಾಲೆಗಳಿಗೆಲ್ಲ ಒಂದೇ ಕಡೆ ಅರ್ಜಿ ಹಾಕುವ ಎಎಂಸಿಎಎಸ್ ಮೂಲಕ ಮೊದಲ ಶಾಲೆಗೆ ಸುಮಾರು 175 ಅಮೆರಿಕನ್ ಡಾಲರ್, ನಂತರದ ಪ್ರತಿ ಶಾಲೆಗೆ 45ರ ಮೇಲೆ. ಅದಾದ ಮೇಲೆ ಹೆಚ್ಚಿನ ಶಾಲೆಗಳು ತಮ್ಮದೇ ಪ್ರಬಂಧದ ಪ್ರಶ್ನೆ ಕಳಿಸಿ ಬೇರೆ ಶುಲ್ಕ ಕೇಳುತ್ತವೆ. ಟೆಕ್ಸಸ್‌ನ ಸರ್ಕಾರಿ ಶಾಲೆಗಳದ್ದು ಬೇರೆಯೇ ಅರ್ಜಿ, ಅದರ ಗೊಡವೆ ನಿನಗೆ ಬೇಡ.

ಈಗ ಆ ಮೊದಲ ವರ್ಷದ ವಿಷಯ. ಕೆನಡಾದಲ್ಲಿ ಕೆಲವು ಶಾಲೆಗಳು ನಿನ್ನ ಅತ್ಯುತ್ತಮ ವರ್ಷಗಳನ್ನಷ್ಟೇ ಎಣಿಸುತ್ತವೆ, ಕೆಲವು ಕೆಟ್ಟ ಗ್ರೇಡುಗಳನ್ನು ಕೈಬಿಡುತ್ತವೆ. ಎಎಂಸಿಎಎಸ್‌ಗೆ ಅಂಥ ಕರುಣೆ ಇಲ್ಲ. ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ಕೋರ್ಸನ್ನೂ ನೀನೇ ಟೈಪ್ ಮಾಡಬೇಕು: ಕೋಡ್, ಹೆಸರು, ಕ್ರೆಡಿಟ್, ಗ್ರೇಡ್. ಬೇಸಿಗೆಯಲ್ಲಿ ಬೇರೆ ಕಾಲೇಜಿನಲ್ಲಿ ಮಾಡಿದ ಒಂದೇ ಒಂದು ಕೋರ್ಸ್ ಇದ್ದರೂ ಅದೂ ಬರಬೇಕು. ಫೇಲಾಗಿ ಮತ್ತೆ ಬರೆದಿದ್ದರೆ ಎರಡೂ ಬರಬೇಕು. ವಿಶ್ವವಿದ್ಯಾಲಯದಿಂದ ನೇರವಾಗಿ ಬಂದ ಟ್ರಾನ್ಸ್‌ಕ್ರಿಪ್ಟ್ ಜೊತೆ ಅವರು ಸಾಲುಸಾಲಾಗಿ ತಾಳೆ ನೋಡುತ್ತಾರೆ. ನಿನ್ನ ಶೇಕಡಾವಾರು ಮಾರ್ಕ್ಸ್ ಅವರ 4.0 ಅಳತೆಗೆ ಬದಲಾಗುತ್ತದೆ, ಜೀವಶಾಸ್ತ್ರ, ರಸಾಯನ, ಭೌತ, ಗಣಿತ ನಾಲ್ಕನ್ನು ಸೇರಿಸಿ ಪ್ರತ್ಯೇಕ ಜಿಪಿಎ (ಗ್ರೇಡುಗಳ ಸರಾಸರಿ) ಬೇರೆ ಹೊರಬರುತ್ತದೆ. ಆದ್ದರಿಂದ ಒಂಟಾರಿಯೊದ ಮೆಡಿಕಲ್ ಅರ್ಜಿ ಕೇಂದ್ರವಾದ ಒಎಂಎಸ್ಎಎಸ್‌ನ ಕೋಷ್ಟಕದಲ್ಲಿ ಕೂಡಿಸಿಟ್ಟ ಜಿಪಿಎಯನ್ನು ಇಲ್ಲಿಗೆ ತಂದು ನಂಬಬೇಡ. ಅಂದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ವರ್ಷದಿಂದ ವರ್ಷಕ್ಕೆ ಏರಿದ ಗ್ರೇಡುಗಳು ಅರ್ಜಿ ಓದುವವರ ಕಣ್ಣಿಗೆ ಬೀಳುತ್ತವೆ. ನಾನಂತೂ ಮೊದಲು ನೋಡುವುದೇ ಅದನ್ನು.

ಎಂಕ್ಯಾಟ್‌ನಲ್ಲೂ ಇದೇ ಕಥೆ. ಒಂಟಾರಿಯೊದ ಶಾಲೆಗಳಲ್ಲಿ ಆಟವಾ ಅದನ್ನು ಕೇಳುವುದೇ ಇಲ್ಲ, ಮೆಕ್‌ಮಾಸ್ಟರ್ ಓದಿ ಅರ್ಥೈಸುವ ಸಿಎಆರ್‌ಎಸ್ ಭಾಗವನ್ನಷ್ಟೇ ನೋಡುತ್ತದೆ. ಹಾಗಂತ ಉಳಿದ ಮೂರು ಭಾಗಗಳನ್ನು ಅಸಡ್ಡೆ ಮಾಡಿದವರು ಅಮೆರಿಕಕ್ಕೆ ಹಾಕುವಾಗ ಪೇಚಿಗೆ ಸಿಗುತ್ತಾರೆ. ಇಲ್ಲಿ ಒಟ್ಟು ಅಂಕವೂ ಬೇಕು, ನಾಲ್ಕು ಭಾಗಗಳೂ ಬೇಕು. 472ರಿಂದ 528ರವರೆಗಿನ ಅಳತೆಯಲ್ಲಿ ಎಂ.ಡಿ. ಶಾಲೆಗಳಿಗೆ ಸೇರುವವರ ಸರಾಸರಿ 511–512ರ ಆಸುಪಾಸಿನಲ್ಲಿದೆ. ವಿದೇಶಿ ಅರ್ಜಿದಾರಳಾಗಿ ನೀನು ಅದಕ್ಕಿಂತ ಮೇಲಿರುವುದು ಕ್ಷೇಮ.

ಹೆಚ್ಚಿನ ಕೆನಡಾ ಮಕ್ಕಳು ಎಡವುವುದು ಕ್ಯಾಲೆಂಡರಿನಲ್ಲಿ. ಒಂಟಾರಿಯೊದ ಗಡುವು ಅಕ್ಟೋಬರ್ ಶುರುವಿನಲ್ಲಿ ಇರುವುದರಿಂದ ಬೇಸಿಗೆಯೆಲ್ಲ ಆರಾಮಾಗಿರುತ್ತಾರೆ. ಎಎಂಸಿಎಎಸ್ ಮೇ ಕೊನೆ, ಜೂನ್ ಮೊದಲಲ್ಲೇ ಅರ್ಜಿ ತೆಗೆದುಕೊಳ್ಳಲು ಶುರು ಮಾಡುತ್ತದೆ. ತಾಳೆ ನೋಡುವುದಕ್ಕೇ ಕೆಲವು ವಾರ ಹಿಡಿಯುತ್ತದೆ. ಬಹುಪಾಲು ಶಾಲೆಗಳು ಬಂದ ಹಾಗೇ ಓದಿ, ಬಂದ ಹಾಗೇ ಸಂದರ್ಶನಕ್ಕೆ ಕರೆಯುತ್ತವೆ. ಅಕ್ಟೋಬರಿನಲ್ಲಿ ಕಳಿಸಿದ ಅರ್ಜಿಗೆ ನಿಯಮದ ಪ್ರಕಾರ ತಡವಾಗಿರಲಿಕ್ಕಿಲ್ಲ, ಆದರೆ ಅಷ್ಟು ಹೊತ್ತಿಗೆ ಊಟ ಮುಗಿದು ಎಲೆ ಎತ್ತುತ್ತಿರುತ್ತಾರೆ.

ಅರ್ಜಿಯಲ್ಲಿ ಹದಿನೈದು ಚಟುವಟಿಕೆ ಬರೆಯಬಹುದು, ಅದರಲ್ಲಿ ಮೂರನ್ನು ಬಹುಮುಖ್ಯ ಅಂತ ಗುರುತಿಸಬಹುದು. ಹದಿನೈದೂ ತುಂಬಲೇಬೇಕೆಂದು ಹೈಸ್ಕೂಲಿನ ಪಿಯಾನೊ ಸರ್ಟಿಫಿಕೇಟ್ ತುರುಕಬೇಡ. ಸ್ವಂತ ಪ್ರಬಂಧಕ್ಕೆ ಖಾಲಿ ಜಾಗವೂ ಸೇರಿ 5,300 ಅಕ್ಷರ. ಅಜ್ಜನ ಕಾಯಿಲೆಯಿಂದ ಶುರುವಾಗುವ ಪ್ರಬಂಧ ಎಷ್ಟು ಓದಿದ್ದೇನೋ! ಅಜ್ಜನ ಮೇಲೆ ನನಗೇನೂ ಕೋಪವಿಲ್ಲ, ಆದರೆ ಎರಡನೇ ಪ್ಯಾರಾದಲ್ಲಾದರೂ ನೀನು ಬಾ. ಇನ್ನೊಂದು: ಇಲ್ಲಿನವರು ಡಾಕ್ಟರ ಹಿಂದೆ ನಿಂತು ಕೆಲಸ ನೋಡಿದ ಅನುಭವವನ್ನು, ಅಂದರೆ ಶ್ಯಾಡೋಯಿಂಗನ್ನು, ತುಂಬ ಸಹಜವಾಗಿ ಕೇಳುತ್ತಾರೆ. ಕೆನಡಾದಲ್ಲಿ ಅದು ಸಿಗುವುದು ಕಷ್ಟ, ಗೊತ್ತು. ನಿಮ್ಮ ಫ್ಯಾಮಿಲಿ ಡಾಕ್ಟರನ್ನೇ ಕೇಳು, ಆಗದಿದ್ದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲೋ ಲಾಂಗ್ ಟರ್ಮ್ ಕೇರ್ ಹೋಮಿನಲ್ಲೋ ಸ್ವಯಂಸೇವಕಿಯಾಗು. ರೋಗಿಯ ಪಕ್ಕದಲ್ಲಿ ಕೂತ ಗಂಟೆಗಳು ಇರಲೇಬೇಕು. ಲ್ಯಾಬ್ ಸಹಿತ ಕೆಮಿಸ್ಟ್ರಿ, ಫಿಸಿಕ್ಸ್, ಜೊತೆಗೆ ಇಂಗ್ಲಿಷ್ ಕೋರ್ಸ್ ಕೇಳುವ ಶಾಲೆಗಳೂ ಇವೆ. ಲೈಫ್ ಸೈನ್ಸ್‌ನವರು ಇಂಗ್ಲಿಷ್ ಮರೆತೇ ಬಿಟ್ಟಿರುತ್ತಾರೆ, ನಾಲ್ಕನೇ ವರ್ಷಕ್ಕೆ ಒಂದು ಹಾಕಿಕೋ.

ಸಂದರ್ಶನದಲ್ಲಿ ಕೆನಡಾ ಬಿಟ್ಟು ಇಲ್ಲಿಗೆ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಸೀಟು ಸಿಗೋದು ಕಷ್ಟ ಅನ್ನುವುದು ಸತ್ಯ. ಒಂಟಾರಿಯೊದ ಕ್ವೀನ್ಸ್ ಶಾಲೆ ಅಂತೂ ಆಯ್ಕೆಯ ಮೊದಲ ಹಂತಕ್ಕೆ ಲಾಟರಿ ತಂದಿದೆ. ಆದರೆ ಅದು ಎದುರು ಕೂತವರ ಪ್ರಶ್ನೆಗೆ ಉತ್ತರವಲ್ಲ. ಆ ಊರಲ್ಲಿ, ಆ ಶಾಲೆಯಲ್ಲಿ ನಿನಗೆ ಬೇಕಾದ್ದು ಏನಿದೆ ಅಂತ ಹೇಳಲು ಬರದಿದ್ದರೆ ಆ ಶಾಲೆಯನ್ನು ಪಟ್ಟಿಯಿಂದ ತೆಗೆದುಬಿಡು.

ಪ್ರಶ್ನೆ: ಮಗನಿಗೆ ಅಮೆರಿಕದ ಖಾಸಗಿ ಮೆಡಿಕಲ್ ಶಾಲೆಯಲ್ಲಿ ಸೀಟು ಸಿಕ್ಕಿದೆ. ಸಾಲ ಹೇಗೆ, ವೀಸಾ ಹೇಗೆ? ಓದು ಮುಗಿಸಿ ಕೆನಡಾಕ್ಕೆ ವಾಪಸ್ ಬರಬಹುದಾ ಮೇಡಂ?
– ಒಬ್ಬ ತಂದೆ, ಬ್ರಾಂಪ್ಟನ್

ಉತ್ತರ: ಅಭಿನಂದನೆ ಸಾರ್. ದುಡ್ಡಿನ ವಿಷಯ ಮೊದಲು. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ನಿಮ್ಮ ಮಗನಿಗೆ ಸಿಗುವುದಿಲ್ಲ. ಅಮೆರಿಕದ ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ಹಾಕಬೇಕು. ಹೆಚ್ಚಿನ ಕೆನಡಾ ಕುಟುಂಬಗಳು ನೆಚ್ಚಿಕೊಳ್ಳುವುದು ಕೆನಡಾದ ದೊಡ್ಡ ಬ್ಯಾಂಕುಗಳು ಮೆಡಿಕಲ್ ವಿದ್ಯಾರ್ಥಿಗಳಿಗೆ ಕೊಡುವ ಲೈನ್ ಆಫ್ ಕ್ರೆಡಿಟ್ಟನ್ನು, ಅಂದರೆ ಮಿತಿಯೊಳಗೆ ಬೇಕಾದಾಗ ಬೇಕಾದಷ್ಟು ತೆಗೆಯುವ ಸಾಲವನ್ನು. ನಿಮ್ಮ ಶಾಖೆಯ ಕೌಂಟರಿನಲ್ಲಿ ಕೇಳಿ ಬರಬೇಡಿ. ವೃತ್ತಿಪರ ವಿದ್ಯಾರ್ಥಿಗಳ ಸಾಲ ನೋಡಿಕೊಳ್ಳುವ ಅಧಿಕಾರಿಯ ಹತ್ತಿರವೇ ಕೂತು, ಅಮೆರಿಕದ ಶಾಲೆಗೆ ಮಿತಿ ಎಷ್ಟು, ಜಾಮೀನು ಯಾರದ್ದು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಫೀಸು, ಮನೆ ಬಾಡಿಗೆ, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಅಮೆರಿಕನ್ ಡಾಲರ್ ದಾಟುವುದು ಖಾಸಗಿ ಶಾಲೆಗಳಲ್ಲಿ ಸಾಮಾನ್ಯ. ಸಾಲ ಕೆನಡಾ ಡಾಲರಿನಲ್ಲಿ, ಖರ್ಚು ಅಮೆರಿಕನ್ ಡಾಲರಿನಲ್ಲಿ. ವಿನಿಮಯ ದರ ಏರಿದರೆ ಮಂಜೂರಾದ ಮಿತಿ ನಾಲ್ಕನೇ ವರ್ಷಕ್ಕೆ ಸಾಲದೇ ಹೋಗಬಹುದು. ಕೆಲವು ಶಾಲೆಗಳು ಒಂದು ವರ್ಷದ್ದೋ ನಾಲ್ಕೂ ವರ್ಷದ್ದೋ ಹಣ ಇದೆ ಅಂತ ಮೊದಲೇ ತೋರಿಸಲು, ಕೆಲವು ಅದನ್ನು ಎಸ್ಕ್ರೋ ಖಾತೆಯಲ್ಲಿ (ಫೀಸಿಗೆಂದೇ ಮೀಸಲಾಗಿ ಇಟ್ಟ ಖಾತೆ) ಇಡಲು ಹೇಳುತ್ತವೆ. ನಿಮ್ಮದು ಯಾವ ಬಗೆಯ ಶಾಲೆ ಅಂತ ಈ ವಾರವೇ ಫೋನ್ ಮಾಡಿ ಕೇಳಿ.

ವೀಸಾ ಸುಲಭ. ಕೆನಡಾ ಪ್ರಜೆಗೆ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದ ಮುದ್ರೆ ಬೇಡ, ಕಾನ್ಸುಲೇಟಿಗೆ ಹೋಗುವುದೂ ಬೇಡ. ಶಾಲೆ ಕಳಿಸುವ ಐ-20 ಅನ್ನುವ ಪ್ರವೇಶಪತ್ರ, ಅಮೆರಿಕ ಸರ್ಕಾರದ ವಿದೇಶಿ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ಗೆ ಕಟ್ಟಿದ 350 ಡಾಲರ್ ಶುಲ್ಕದ ರಸೀದಿ, ಪಾಸ್‌ಪೋರ್ಟ್, ದುಡ್ಡಿನ ಕಾಗದ ಇವನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಗಡಿಯಲ್ಲಿ ತೋರಿಸಬೇಕು. ಸಾಮಾನಿನ ಡಬ್ಬಗಳ ಕೆಳಗೆ ಡಿಕ್ಕಿಯಲ್ಲಿ ಹುಗಿದಿಟ್ಟು ಗಡಿಯ ಅಂಬಾಸಡರ್ ಬ್ರಿಜ್ಜಿನ ಬೂತಿನ ಮುಂದೆ ಹುಡುಕಾಡುವವರಿದ್ದಾರೆ!

ವಾಪಸ್ ಬರುವ ದಾರಿ ಇದೆ. ಅಮೆರಿಕದ ಮಾನ್ಯತೆ ಪಡೆದ ಎಂ.ಡಿ. ಪದವೀಧರರು ಕೆನಡಾದಲ್ಲಿ ರೆಸಿಡೆನ್ಸಿ (ಪದವಿಯ ನಂತರ ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಸೀಟು ಹಂಚುವ ಕಾರ್ಮ್ಸ್‌ಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲೇ ಜೆ-1 ಅನ್ನುವ ವಿನಿಮಯ ವೀಸಾದ ಮೇಲೆ ರೆಸಿಡೆನ್ಸಿ ಮಾಡುವುದಾದರೆ ಕೆನಡಾದ ಆರೋಗ್ಯ ಇಲಾಖೆ ಹೆಲ್ತ್ ಕೆನಡಾದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ ಅನ್ನುವ ಪತ್ರ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರುವ ಷರತ್ತೂ ಇದೆ. ವಾಪಸ್ ಬರಲಿ ಅನ್ನುವ ನಿಮಗೆ ಅದು ಷರತ್ತಲ್ಲ, ಉಡುಗೊರೆ.

ಪ್ರಶ್ನೆ: ಎರಡೂ ಕಡೆ ಸಿಗದಿದ್ದರೆ ಕೆರಿಬಿಯನ್ ಶಾಲೆ ಆಗಬಹುದಾ?
– ಆರ್., ವಿಂಡ್ಸರ್

ಉತ್ತರ: ಆತುರ ಬೇಡ. ಅಲ್ಲಿ ಓದಿದರೆ ಕೆನಡಾದಲ್ಲೂ ಅಮೆರಿಕದಲ್ಲೂ ನೀವು ಹೊರದೇಶದ ಪದವೀಧರರ ಸಾಲಿಗೆ ಸೇರುತ್ತೀರಿ, ರೆಸಿಡೆನ್ಸಿ ಎರಡೂ ಕಡೆ ಕಷ್ಟವಾಗುತ್ತದೆ. ಅದಕ್ಕೂ ಮುಂಚೆ ಅಮೆರಿಕದ ಡಿ.ಒ. (ಆಸ್ಟಿಯೋಪತಿಕ್ ವೈದ್ಯ ಪದವಿ) ಶಾಲೆಗಳಲ್ಲಿ ಕೆನಡಾದವರನ್ನು ಯಾವುವು ತೆಗೆದುಕೊಳ್ಳುತ್ತವೆ ನೋಡಿ. ಅಮೆರಿಕದಲ್ಲಿ ಡಿ.ಒ.ಗೂ ಎಂ.ಡಿ.ಗೂ ವೈದ್ಯವೃತ್ತಿಯ ಹಕ್ಕು ಒಂದೇ, ಅರ್ಜಿ ಮಾತ್ರ ಎಎಸಿಒಎಂಎಎಸ್ ಅನ್ನುವ ಬೇರೆ ಕಡೆ. ಕೆನಡಾಕ್ಕೆ ಮರಳುವ ಆಸೆ ಇದ್ದರೆ ನಿಮ್ಮ ಪ್ರಾಂತ್ಯದ ಕಾರ್ಮ್ಸ್ ನಿಯಮ ಡಿ.ಒ. ಬಗ್ಗೆ ಏನು ಹೇಳುತ್ತದೆ ಅಂತ ಓದಿಕೊಂಡೇ ದುಡ್ಡು ಕಟ್ಟಿ.